ನಿತ್ಯ ತೊಡುವ ಬಂಗಾರ: ಕೊಟ್ಟ ಹಣಕ್ಕೆ ತಕ್ಕ ಒಡವೆಯನ್ನು ಆರಿಸುವ ಬಗೆ

ಮದುವೆಗೆಂದು ಮಾಡಿಸಿದ ಹಾರ ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಆದರೆ ಕೊರಳಿನ ಸರ, ಕಿವಿಯ ಓಲೆ, ಕೈಬಳೆ, ಕರಿಮಣಿ ಇವು ಬೆಳಗಿನಿಂದ ರಾತ್ರಿಯವರೆಗೆ ಮೈಮೇಲೆಯೇ ಇದ್ದು ಬೆವರು, ಸೋಪು, ಅರಿಶಿನ, ಎಣ್ಣೆ, ಹೊಲದ ಧೂಳು ಎಲ್ಲವನ್ನೂ ತಾಳಿಕೊಳ್ಳಬೇಕು. ಕೋಲಾರ ಜಿಲ್ಲೆಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ, ಟೊಮ್ಯಾಟೊ ಕೀಳುವ, ಹಸುವಿನ ಹಾಲು ಕರೆಯುವ ಹೆಂಗಸರು ಇದೇ ಒಡವೆಗಳನ್ನು ತೊಟ್ಟುಕೊಂಡೇ ಕೆಲಸ ಮಾಡುತ್ತಾರೆ. ಕೊಳವೆಬಾವಿ ಬತ್ತಿದ ವರ್ಷ ಅದೇ ಒಡವೆ ಬ್ಯಾಂಕಿನಲ್ಲಿ ಅಡವಿಗೂ ಹೋಗುತ್ತದೆ. ಆದ್ದರಿಂದ ನಿತ್ಯದ ಒಡವೆಯನ್ನು ಕೊಳ್ಳುವಾಗ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಕೊಟ್ಟ ಹಣದಲ್ಲಿ ಎಷ್ಟು ಭಾಗ ನಿಜವಾಗಿ ಬಂಗಾರಕ್ಕೆ ಹೋಗುತ್ತಿದೆ, ಮತ್ತು ಈ ಒಡವೆ ತುಂಡಾಗದೆ, ಸವೆಯದೆ ಎಷ್ಟು ಕಾಲ ಉಳಿಯುತ್ತದೆ. ಕಣ್ಣಿಗೆ ಒಪ್ಪುವುದು ಇವೆರಡರ ನಂತರದ ಮಾತು.

ಬಂಗಾರದ ಗಣಿಯ ಹೆಸರಿನಿಂದಲೇ ಲೋಕಕ್ಕೆ ಪರಿಚಿತವಾದ ಜಿಲ್ಲೆ ನಮ್ಮದು. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂದು ಕೋಲಾರದಲ್ಲಾಗಲಿ, ರಾಬರ್ಟ್‌ಸನ್‌ಪೇಟೆಯಲ್ಲಾಗಲಿ, ಬಂಗಾರಪೇಟೆಯಲ್ಲಾಗಲಿ ಮಾರಾಟವಾಗುವ ಚಿನ್ನವು ಬೇರೆ ಎಲ್ಲ ಊರುಗಳಂತೆಯೇ ಹೊರಗಿನಿಂದ ಬಂದದ್ದು. ಹೀಗಿರುವಾಗ ಊರಿನ ಹೆಸರಾಗಲಿ, ಅಂಗಡಿಯ ಹಳಮೆಯಾಗಲಿ ಶುದ್ಧತೆಗೆ ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಒಡವೆಯ ಮೇಲೆಯೇ ಇರಬೇಕು.

ಆ ಸಾಕ್ಷಿಯೇ ಹಾಲ್‌ಮಾರ್ಕ್. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ನೀಡುವ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತ ಬಂದಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಎಂಬ ಆರು ಅಕ್ಷರಾಂಕಗಳ ಗುರುತು ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಒಡವೆಯ ಮೇಲೆ ಮೂರು ಗುರುತುಗಳಿರಬೇಕು: ಬಿಐಎಸ್‌ನ ತ್ರಿಕೋನ ಚಿಹ್ನೆ, ಶುದ್ಧತೆಯನ್ನು ಹೇಳುವ 22ಕೆ916 ಅಥವಾ 18ಕೆ750 ಎಂಬಂಥ ಬರಹ, ಮತ್ತು ಎಚ್‌ಯುಐಡಿ. 916 ಎಂದರೆ ಸಾವಿರ ಭಾಗದಲ್ಲಿ 916 ಭಾಗ ಅಪ್ಪಟ ಚಿನ್ನ, ಇದೇ 22 ಕ್ಯಾರೆಟ್. ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಉಂಗುರದಲ್ಲಿ ಈ ಗುರುತು ಒಳಬದಿಗೆ, ಸರದಲ್ಲಿ ಕೊಂಡಿಯ ಬಳಿಯ ಸಣ್ಣ ತಗಡಿಗೆ, ಬಳೆಯಲ್ಲಿ ಒಳಮೈಗೆ ಇರುವುದು ವಾಡಿಕೆ. ಅಕ್ಷರಗಳು ಸಾಸಿವೆಗಿಂತ ಸಣ್ಣವಾಗಿರುವುದರಿಂದ ಬರಿಗಣ್ಣಿಗೆ ಗೀರಿನಂತೆ ಕಾಣುತ್ತವೆ. ಅಂಗಡಿಯವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಇಟ್ಟಿರಬೇಕೆಂಬ ನಿಯಮವಿದೆ, ಸಂಕೋಚವಿಲ್ಲದೆ ಅದನ್ನು ಕೇಳಿ ಪಡೆಯಿರಿ.

ಗುರುತನ್ನು ಓದಿದರೆ ಸಾಲದು, ಅದನ್ನು ತಾಳೆ ನೋಡಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಆರು ಅಕ್ಷರಾಂಕಗಳನ್ನು ನಮೂದಿಸಿದರೆ, ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು, ಯಾವ ವ್ಯಾಪಾರಿಯ ನೋಂದಣಿಯಡಿ ಯಾವ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆಯಾಗಿದೆ ಎಂಬ ವಿವರ ತೆರೆಯುತ್ತದೆ. ಕೈಯಲ್ಲಿರುವುದು ಸರ, ಪರದೆಯಲ್ಲಿ ಬಂದದ್ದು ಉಂಗುರ ಎಂದಾದರೆ ಆ ಸಂಖ್ಯೆ ಬೇರೆಲ್ಲಿಂದಲೋ ನಕಲಾಗಿದೆ ಎಂದೇ ಅರ್ಥ. ಇದಕ್ಕೆ ಎರಡು ನಿಮಿಷ ಸಾಕು, ಮತ್ತು ಹಣ ಕೊಡುವ ಮೊದಲೇ ಇದು ಮುಗಿಯಬೇಕು. ‘916’ ಎಂದು ಮಾತ್ರ ಕೆತ್ತಿ ತ್ರಿಕೋನ ಚಿಹ್ನೆಯಾಗಲಿ ಎಚ್‌ಯುಐಡಿಯಾಗಲಿ ಇಲ್ಲದ ಒಡವೆಯನ್ನು, ಹಾಗೆಯೇ ‘ಕೆಡಿಎಂ ಚಿನ್ನ’ ಎಂಬ ಹಳೆಯ ಮಾತನ್ನು ಒಪ್ಪಬೇಡಿ. ಕೆಡಿಎಂ ಎಂಬುದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರೇ ಹೊರತು ಶುದ್ಧತೆಯ ದರ್ಜೆಯಲ್ಲ, ಅದರ ಹೊಗೆ ಕೆಲಸ ಮಾಡುವ ಅಕ್ಕಸಾಲಿಗೆ ವಿಷ.

ಇಲ್ಲೊಂದು ವಿನಾಯಿತಿಯನ್ನು ತಿಳಿದಿರಬೇಕು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಮೂಗುಬೊಟ್ಟು, ಮಕ್ಕಳ ಓಲೆ, ತೆಳುವಾದ ಉಂಗುರಗಳು ಈ ಗುಂಪಿಗೆ ಬರುತ್ತವೆ. ಇಂಥವನ್ನು ಕೊಳ್ಳುವಾಗ ಶುದ್ಧತೆಯನ್ನು ಸ್ಪಷ್ಟವಾಗಿ ಬಿಲ್ಲಿನಲ್ಲಿ ಬರೆಸಿಕೊಳ್ಳುವುದೊಂದೇ ನಮಗಿರುವ ಆಧಾರ.

ಇನ್ನು ಬೆಲೆಯ ಲೆಕ್ಕ. ಹೆಚ್ಚಿನವರು ದಿನದ ದರವನ್ನು ಕೇಳಿ ಸುಮ್ಮನಾಗುತ್ತಾರೆ. ವಾಸ್ತವದಲ್ಲಿ ಒಂದಂಗಡಿಗೂ ಇನ್ನೊಂದಕ್ಕೂ ದೊಡ್ಡ ಅಂತರ ಬರುವುದು ದರದಲ್ಲಲ್ಲ, ಕೂಲಿ ಮತ್ತು ಒಡವೆ ಮಾಡುವಾಗ ಪೋಲಾಗುವ ಚಿನ್ನಕ್ಕೆಂದು ಹಾಕುವ ವೇಸ್ಟೇಜ್‌ನಲ್ಲಿ. ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ದರ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. 8 ಗ್ರಾಂನ, ಅಂದರೆ ಒಂದು ಪವನ್‌ನ ಸರಕ್ಕೆ ಚಿನ್ನದ ಬೆಲೆ 80,000 ರೂಪಾಯಿ. ಒಂದಂಗಡಿಯವರು ಶೇ. 12ರಂತೆ ಕೂಲಿ ಹಾಕಿದರೆ 9,600 ಸೇರಿ 89,600 ಆಗುತ್ತದೆ. ಅದರ ಮೇಲೆ ಶೇ. 3ರ ಜಿಎಸ್‌ಟಿ 2,688 ಸೇರಿದರೆ 92,288. ಮತ್ತೊಂದು ಅಂಗಡಿಯವರು ಶೇ. 18 ಹಾಕಿದರೆ ಇದೇ ತೂಕದ ಸರಕ್ಕೆ 97,232 ರೂಪಾಯಿ ಬೀಳುತ್ತದೆ. ಎರಡರಲ್ಲಿಯೂ ಇರುವ ಚಿನ್ನ ಒಂದೇ, ನಡುವಿನ ಅಂತರ 4,944 ರೂಪಾಯಿ. ಮುಂದೆ ಎಂದಾದರೂ ಈ ಸರವನ್ನು ಮಾರಿದರೆ ಅಥವಾ ಅಡವಿಟ್ಟರೆ ಲೆಕ್ಕಕ್ಕೆ ಬರುವುದು ಚಿನ್ನದ ತೂಕವಷ್ಟೆ; ಕೂಲಿಯೂ ತೆರಿಗೆಯೂ ಕೊಂಡ ಗಳಿಗೆಯಲ್ಲೇ ಕಳೆದುಹೋದ ಹಣ.

ನಕಾಸಿ ಕೆಲಸದ, ಕೈಯಲ್ಲಿ ಕೆತ್ತಿದ ಒಡವೆಗೆ ಹೆಚ್ಚು ಕೂಲಿ ಕೊಡುವುದು ನ್ಯಾಯವೇ ಆಗಿದೆ, ಏಕೆಂದರೆ ಅಲ್ಲಿ ಆಚಾರಿಯ ಎಷ್ಟೋ ದಿನಗಳ ಶ್ರಮವಿರುತ್ತದೆ. ಯಂತ್ರದಲ್ಲಿ ಹೆಣೆದ ಸಾದಾ ಸರಕ್ಕೂ ಅದೇ ಪ್ರಮಾಣದ ಕೂಲಿ ಕೇಳಿದರೆ ಮಾತ್ರ ಚೌಕಾಶಿ ಮಾಡಲೇಬೇಕು. ಕೂಲಿ ಬೇರೆ, ವೇಸ್ಟೇಜ್ ಬೇರೆ ಎಂದು ಎರಡು ಹೆಸರಿನಲ್ಲಿ ಹೇಳುವ ಅಂಗಡಿಗಳಲ್ಲಿ ಎರಡನ್ನೂ ಸೇರಿಸಿ ಒಟ್ಟು ಎಷ್ಟು ರೂಪಾಯಿ ಎಂದು ಒಂದೇ ಅಂಕಿಯನ್ನು ಕೇಳಿರಿ. ‘ಕೂಲಿಯೇ ಇಲ್ಲ’ ಎಂಬ ಹಬ್ಬದ ಜಾಹೀರಾತು ಕಂಡರೆ ಅವರ ಗ್ರಾಂ ದರವನ್ನು ಅಂದಿನ ಪೇಟೆಯ ದರದೊಂದಿಗೆ ಹೋಲಿಸಿ ನೋಡಿರಿ, ಕಲ್ಲು ಮಣಿಗಳ ತೂಕವನ್ನು ಕಳೆದಿದ್ದಾರೆಯೇ ಎಂಬುದನ್ನೂ ವಿಚಾರಿಸಿರಿ. 18 ಕ್ಯಾರೆಟ್ ಒಡವೆಗೆ 22 ಕ್ಯಾರೆಟ್‌ನ ದರ ಹಾಕಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಹಾಲ್‌ಮಾರ್ಕ್ ಶುಲ್ಕವಾದರೋ ತೂಕ ಎಷ್ಟೇ ಇದ್ದರೂ ಒಡವೆಯೊಂದಕ್ಕೆ 45 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಅದರ ಹೆಸರಿನಲ್ಲಿ ನೂರಾರು ರೂಪಾಯಿ ಕೇಳುವುದು ಸಲ್ಲದು.

ಕಲ್ಲು ಮತ್ತು ಮಣಿಯ ವಿಷಯ ನಮ್ಮ ಮನೆಗಳಲ್ಲಿ ಮುಖ್ಯವಾಗಿ ಬರುವುದು ಕರಿಮಣಿಯಲ್ಲಿ. ಕರಿಮಣಿ ಸರದ ಒಟ್ಟು ತೂಕ 18 ಗ್ರಾಂ ಇದ್ದು ಅದರಲ್ಲಿ ಮಣಿಯ ತೂಕವೇ 5 ಗ್ರಾಂ ಆಗಿದ್ದರೆ, ಚಿನ್ನದ ದರ ಹಾಕಬೇಕಾದದ್ದು 13 ಗ್ರಾಂಗೆ ಮಾತ್ರ. ಮೇಲಿನ ದರದಲ್ಲಿ ಆ 5 ಗ್ರಾಂ ಎಂದರೆ 50,000 ರೂಪಾಯಿ! ಮಣಿಯ ತೂಕವನ್ನು ಅಂದಾಜಿನಿಂದ ಹೇಳಲು ಬಿಡದೆ, ಪೋಣಿಸುವ ಮೊದಲು ಚಿನ್ನದ ಭಾಗದ ತೂಕ ಎಷ್ಟಿತ್ತು ಎಂಬುದನ್ನು ಕೇಳಿ ಬಿಲ್ಲಿನಲ್ಲಿ ನಿವ್ವಳ ತೂಕವಾಗಿಯೇ ಬರೆಸಿಕೊಳ್ಳಬೇಕು. ಅರಗು ತುಂಬಿದ ಬಳೆ ಮತ್ತು ಗುಂಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತೂಗುವಾಗ ತಕ್ಕಡಿ ಮೊದಲು ಸೊನ್ನೆ ತೋರಿಸುತ್ತಿದೆಯೇ, ಫ್ಯಾನಿನ ಗಾಳಿ ತಟ್ಟದಂತೆ ಗಾಜಿನ ಮುಚ್ಚಳವಿದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವುದು ಯಾರ ಮೇಲಿನ ಅನುಮಾನವೂ ಅಲ್ಲ, ಕೊಳ್ಳುವವರ ಹಕ್ಕು.

ಶುದ್ಧತೆ ಸರಿಯಿದ್ದು, ಬೆಲೆ ಸರಿಯಿದ್ದು, ಆರು ತಿಂಗಳಿಗೆ ಸರ ತುಂಡಾಗಿ ಹೊಲದಲ್ಲಿ ಬಿದ್ದುಹೋದರೆ ಆ ಲೆಕ್ಕಕ್ಕೆಲ್ಲ ಏನು ಬೆಲೆ? ನಿತ್ಯದ ಒಡವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕೆನ್ನುವುದು ಸೇರಿಕೆಗಳನ್ನು. ಸರವನ್ನು ಎಡ ಅಂಗೈಯ ಮೇಲೆ ಹರಡಿ ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ನಿಧಾನವಾಗಿ ಎಳೆಯಿರಿ. ಎಲ್ಲಿಯಾದರೂ ಚರ್ಮಕ್ಕೆ ತರಚಿದಂತಾದರೆ ಅಲ್ಲಿ ಒಂದು ಕಡಿಯ ಬಾಯಿ ತೆರೆದಿದೆ ಅಥವಾ ಬೆಸುಗೆಯ ತುದಿ ಉಳಿದಿದೆ. ಆಮೇಲೆ ಕೊಂಡಿಯನ್ನು ಸರಕ್ಕೆ ಕೂಡಿಸುವ ಸಣ್ಣ ಬಳೆಯನ್ನು ಭೂತಗನ್ನಡಿಯಲ್ಲಿ ನೋಡಿರಿ. ಅದರ ಎರಡು ತುದಿ ಕೂಡುವೆಡೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಅದನ್ನು ಬೆಸೆದಿಲ್ಲ, ಕೇವಲ ಬಗ್ಗಿಸಿ ಮುಚ್ಚಿದ್ದಾರೆ ಎಂದು ತಿಳಿಯಬೇಕು. ಸರದ ನಡುಭಾಗಕ್ಕಿಂತ ಈ ಕೊಂಡಿಯ ಬಳಿಯಲ್ಲೇ ಎಳೆತವೂ ಸವೆತವೂ ಹೆಚ್ಚು. ಅಲ್ಲಿಯೇ ನಿಲ್ಲಿಸಿ ಬೆಸೆದು ಕೊಡಲು ಹೇಳಿರಿ. ಅಕ್ಕಸಾಲಿಗೆ ಅದು ಕೆಲವು ನಿಮಿಷಗಳ ಕೆಲಸ.

ಹೆಣಿಗೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಒಳಗೆ ಟೊಳ್ಳಾದ ಹಗ್ಗದ ಸರ ಕಡಿಮೆ ತೂಕಕ್ಕೆ ದಪ್ಪವಾಗಿ ಕಾಣುತ್ತದೆ, ಆದರೆ ಒಮ್ಮೆ ನಜ್ಜಾದರೆ ಸರಿಪಡಿಸುವುದು ಕಷ್ಟ, ಬೆಸುಗೆ ಹಾಕಹೋದರೆ ತೆಳು ತಗಡು ಕರಗುತ್ತದೆ. ದಿನವೂ ತೊಡಲು ಗಟ್ಟಿ ತಂತಿಯಿಂದ ಹೆಣೆದ ಸಾದಾ ಕಡಿಗಳ ಸರವೇ ಲೇಸು, ಒಂದು ಕಡಿ ಸವೆದರೂ ಅದೊಂದನ್ನೇ ಬದಲಿಸಬಹುದು. 18 ಅಂಗುಲದ ಸರವನ್ನು 3-4 ಗ್ರಾಂನಲ್ಲಿ ಮಾಡಿಸಿ ತಾಳಿಬೊಟ್ಟನ್ನೋ ಭಾರದ ಪದಕವನ್ನೋ ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಪದಕವನ್ನು ಮುಂದಕ್ಕೆ ಹಾಕಿ ಸರವನ್ನು ಗಟ್ಟಿಯಾಗಿ ಕೊಳ್ಳುವುದು ಸರಿ. ಕರಿಮಣಿಯಲ್ಲಿ ಮಣಿಯ ರಂಧ್ರದೊಳಗೆ ಸಾಗುವ ತಂತಿ ಪ್ರತಿ ಮಣಿಯ ಅಂಚಿನಲ್ಲಿಯೂ ಉಜ್ಜಿ ಉಜ್ಜಿ ಸವೆಯುತ್ತದೆ, ಆದುದರಿಂದ ಅದರ ತಂತಿಯ ದಪ್ಪವನ್ನು ಪ್ರತ್ಯೇಕವಾಗಿ ಗಮನಿಸಬೇಕು.

ಬಳೆಗಳಲ್ಲಿ ಹಾಲು ಕರೆಯುವ, ಪಾತ್ರೆ ತೊಳೆಯುವ ಕೈಗೆ ಟೊಳ್ಳು ಬಳೆ ಹೊಂದುವುದಿಲ್ಲ. ನಾಲ್ಕು ತೆಳು ಬಳೆಗಳ ಬದಲು ಎರಡು ಗಟ್ಟಿ ಬಳೆಗಳನ್ನು ತೆಗೆದುಕೊಂಡರೆ ಆಕಾರ ಕೆಡುವುದಿಲ್ಲ, ಕೂಲಿಯೂ ಹಲವೆಡೆ ಕಡಿಮೆ ಬೀಳುತ್ತದೆ. ಉಂಗುರದಲ್ಲಿ ಅಂಗೈ ಕಡೆಯ ಭಾಗವೇ ಮೊದಲು ಸವೆಯುವುದರಿಂದ ಆ ಭಾಗ ತೆಳುವಾಗಿರಬಾರದು. ಕಲ್ಲಿನ ಉಂಗುರ ಬೇಕೆಂದರೆ 18 ಕ್ಯಾರೆಟ್ ಒಳ್ಳೆಯದು, ಏಕೆಂದರೆ 22 ಕ್ಯಾರೆಟ್ ಮೃದುವಾದ್ದರಿಂದ ಕಲ್ಲು ಹಿಡಿದ ಮುಳ್ಳುಗಳು ಬೇಗ ಸಡಿಲವಾಗುತ್ತವೆ; ಮುಳ್ಳಿಗಿಂತಲೂ ಕಲ್ಲಿನ ಸುತ್ತ ತಗಡು ಕಟ್ಟಿದ ಉಂಗುರ ಸೀರೆಯ ನೂಲಿಗೆ ಸಿಕ್ಕಿಕೊಳ್ಳದು. ಓಲೆಗೆ ತಿರುಪು ಎರಡು ಸುತ್ತಿಗೇ ಬಿಗಿಯಾಗಿ ನಿಂತರೆ ಸಾಲದು, ಕೊನೆಯವರೆಗೂ ನಯವಾಗಿ ಸಾಗಬೇಕು.

ಹಳೆಯ ಚಿನ್ನ ಕೊಟ್ಟು ಹೊಸದನ್ನು ಪಡೆಯುವವರು ಮೊದಲು ಹಳೆಯದರ ತೂಕ ಮತ್ತು ಶುದ್ಧತೆಯನ್ನು ಬೇರೆ ಕಡೆ ತಿಳಿದುಕೊಂಡೇ ಅಂಗಡಿಗೆ ಹೋಗಬೇಕು. ಅಂಗಡಿಯ ಕ್ಯಾರೆಟ್ ಯಂತ್ರ ಒಡವೆಯ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರದಲ್ಲಿ ನಾಲ್ಕು ಒಡವೆಗಳವರೆಗೆ 200 ರೂಪಾಯಿ ಶುಲ್ಕಕ್ಕೆ ಸಾರ್ವಜನಿಕರೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಎಚ್‌ಯುಐಡಿ ಇಲ್ಲದ ಅಜ್ಜಿಯ ಕಾಲದ ಒಡವೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು, ತೊಡಲು, ಅಂಗಡಿಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಆ ಹೆದರಿಕೆಯಿಂದ ಯಾರೂ ಅದನ್ನು ಕಡಿಮೆ ಬೆಲೆಗೆ ಕೊಟ್ಟುಬಿಡಬಾರದು.

ಬಿಲ್ಲಿನಲ್ಲಿ ಒಡವೆಯ ವಿವರ, ಚಿನ್ನದ ನಿವ್ವಳ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವು ಪ್ರತ್ಯೇಕವಾಗಿ ಇರಲೇಬೇಕು. ‘ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುತ್ತದೆ’ ಎಂಬ ಮಾತಿಗೆ ಒಪ್ಪಿ ಬರಿಯ ಚೀಟಿ ಹಿಡಿದು ಬಂದವರಿಗೆ ನಾಳೆ ದೂರು ಕೊಡಲು ಆಧಾರವೇ ಇರುವುದಿಲ್ಲ. ಹಾಲ್‌ಮಾರ್ಕ್ ಇರುವ ಒಡವೆಯಲ್ಲಿ ನಮೂದಿಸಿದ್ದಕ್ಕಿಂತ ಕಡಿಮೆ ಶುದ್ಧತೆ ಕಂಡುಬಂದರೆ, ಆ ಕೊರತೆಗೆ ತಕ್ಕ ಮೊತ್ತದ ಎರಡರಷ್ಟನ್ನು ಪರೀಕ್ಷಾ ಶುಲ್ಕದೊಂದಿಗೆ ಪಡೆಯುವ ಹಕ್ಕು 2018ರ ಬಿಐಎಸ್ ನಿಯಮಗಳಲ್ಲಿಯೇ ಇದೆ. ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ದಾಖಲಿಸಬಹುದು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದರಿಂದಲೂ ಬಗೆಹರಿಯದಿದ್ದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬೇಕು; 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕವಿಲ್ಲ, ಜೊತೆಗೆ ಒಯ್ಯಬೇಕಾದ ಮೊದಲ ಕಾಗದ ಆ ಬಿಲ್ಲೇ.