ಹೊಸಬರಿಗೆ ಮಾರ್ಗದರ್ಶಿ: ಅಮೆರಿಕದಲ್ಲಿ ಮಕ್ಕಳ ಕಾಲೇಜು ಪ್ರವೇಶ

ಊರಿಂದ ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಸಿಇಟಿ ತರಹ ಯಾವ ಪರೀಕ್ಷೆ ಇದೆ?" ಯಾವುದೂ ಇಲ್ಲ. ರ‍್ಯಾಂಕ್ ಇಲ್ಲ, ಕಟ್‌ಆಫ್ ಇಲ್ಲ. ಮಗು ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ಏನು ಓದಿತು, ಏನು ಮಾಡಿತು ಎಂದು ಕೂತು ಓದಿ ಸೀಟು ಕೊಡುತ್ತಾರೆ. ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು. "ಸೆಕೆಂಡ್ ಪಿಯುಸಿಗೆ ಬರಲಿ, ಆಗ ಓದ್ತಾನೆ ಬಿಡಿ" ಎಂಬ ಮಾತನ್ನು ವಿಮಾನ ಇಳಿದ ದಿನವೇ ಮರೆತುಬಿಡಿ.

ಎಸ್‌ಎಟಿ ಬೇಕಾ ಬೇಡವಾ?

ಎಸ್‌ಎಟಿ ಅಂದರೆ ಅರ್ಜಿಯ ಜೊತೆ ಅಂಕ ಕಳಿಸುವ ಒಂದು ಪರೀಕ್ಷೆ, ಸಿಇಟಿ ಹಾಗೆ ಅದೊಂದರಿಂದಲೇ ಸೀಟು ಸಿಗುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಹೆಚ್ಚಿನ ಕಾಲೇಜುಗಳು ಎಸ್‌ಎಟಿ ಕಡ್ಡಾಯ ಅಲ್ಲ ಅಂದವು. ಈಗ ಗಾಳಿ ತಿರುಗಿದೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಟೆಕ್ಸಸ್‌ನ ಆಸ್ಟಿನ್ ವಿಶ್ವವಿದ್ಯಾಲಯ ಅದೇ ದಾರಿ ಹಿಡಿದವು. ಯೇಲ್ ಕೂಡ ಪರೀಕ್ಷೆ ಬೇಕು ಅಂದಿತು, ಆದರೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಅಂಕವನ್ನೂ ಒಪ್ಪುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮಾತ್ರ ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡುವುದೇ ಇಲ್ಲ. ಕೆಲವು ವರ್ಷದ ಹಿಂದೆ ಮಗಳನ್ನು ಸೇರಿಸಿದ ಪರಿಚಯದವರು ಹೇಳಿದ್ದು ಇವತ್ತಿಗೆ ಸರಿ ಇರಬೇಕೆಂದಿಲ್ಲ. ಪ್ರತಿ ಕಾಲೇಜಿನ ವೆಬ್‌ಸೈಟ್ ನೀವೇ ನೋಡಿ. ಹನ್ನೊಂದನೇ ತರಗತಿಯಲ್ಲಿ ಒಮ್ಮೆ ಬರೆಸಿಬಿಡುವುದು ಒಳ್ಳೆಯದು. 2024ರಿಂದ ಪರೀಕ್ಷೆ ಕಂಪ್ಯೂಟರಿನಲ್ಲೇ, ಎರಡೂಕಾಲು ಗಂಟೆಯೊಳಗೆ ಮುಗಿಯುತ್ತದೆ.

ವೀಸಾ ಮತ್ತು ದುಡ್ಡು

ದಯವಿಟ್ಟು ಇದನ್ನು ಎರಡು ಸಲ ಓದಿ. ನಮ್ಮ ಸಂಘದಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸಿದ ವಿಷಯ ಇದು.

ನೀವು ಎಚ್-1ಬಿ (ಕೆಲಸದ ವೀಸಾ), ಮಗು ಎಚ್-4 (ಎಚ್-1ಬಿಯವರ ಮನೆಯವರ ವೀಸಾ) ಆಗಿದ್ದರೆ ಎಫ್‌ಎಎಫ್‌ಎಸ್‌ಎ ಎಂಬ ಅರ್ಜಿ ಹಾಕಿ ಪಡೆಯುವ ಸರ್ಕಾರದ ನೆರವು ಸಿಗುವುದಿಲ್ಲ. ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಅಷ್ಟೇ. ನೆರವಿಗೆ ಸಾಮಾನ್ಯವಾಗಿ ಮಗು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು. ಇಲ್ಲೇ ಹೈಸ್ಕೂಲು ಮುಗಿಸಿದ ನಮ್ಮ ಮಕ್ಕಳನ್ನೂ ಎಷ್ಟೋ ಖಾಸಗಿ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ಎಂದೇ ಲೆಕ್ಕ ಹಾಕುತ್ತವೆ. ಎಚ್-4ನಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಸಂಬಳಕ್ಕೆ ಪುಸ್ತಕ ಜೋಡಿಸುವ ಹಾಗೂ ಇಲ್ಲ. 21 ತುಂಬಿದರೆ ಎಚ್-4 ಮುಗಿಯಿತು, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಬೇಕು. ಅದು ಡಿಗ್ರಿಯ ಮಧ್ಯದಲ್ಲೇ ಬರುತ್ತದೆ. ನಮ್ಮವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತಲ್ವಾ? "ಅಷ್ಟರಲ್ಲಿ ಬಂದೇ ಬರುತ್ತೆ" ಅಂತ ಸುಮ್ನೆ ಕೂರಬೇಡಿ. ಮಗು ಹತ್ತನೇ ತರಗತಿಯಲ್ಲಿರುವಾಗಲೇ ವಲಸೆ ವಕೀಲರನ್ನು ಕೇಳಿ.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಾಜ್ಯದವರಿಗೆ ಒಂದು ಫೀಸು, ಹೊರಗಿನವರಿಗೆ ಅದರ ಎರಡು ಮೂರು ಪಟ್ಟು. ರಾಜ್ಯದವರು ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಅಲ್ಲೇ ವಾಸ ಇರಬೇಕು. ಎಚ್-4 ಮಕ್ಕಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಗು ಹನ್ನೆರಡನೇ ತರಗತಿಯಲ್ಲಿರುವಾಗ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವವರು ಈ ಲೆಕ್ಕ ಮೊದಲು ಹಾಕಿ, ಆಮೇಲೆ ಆಫರ್‌ಗೆ ಸಹಿ ಹಾಕಿ. ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ನಿಮ್ಮ ಆದಾಯ ಹಾಕಿದರೆ ಕೈಯಿಂದ ಎಷ್ಟು ಹೋಗುತ್ತದೆ ಎಂಬ ಅಂದಾಜು ಸಿಗುತ್ತದೆ. ಆದರೆ ಅದರ ಲೆಕ್ಕದಲ್ಲಿ ಸರ್ಕಾರಿ ನೆರವೂ ಸೇರಿರಬಹುದು, ಎಚ್-4ನವರು ಅದನ್ನು ಬಿಟ್ಟು ನೋಡಿ.

ಕೆಲವು ಕಾಲೇಜುಗಳಿಗೆ ಉಳಿದವರಿಗಿಂತ ಮೊದಲೇ ಅರ್ಜಿ ಹಾಕಬಹುದು. ಅದರಲ್ಲಿ ಅರ್ಲಿ ಡಿಸಿಷನ್ ಎಂಬ ಬಗೆಯಲ್ಲಿ ಸೀಟು ಸಿಕ್ಕರೆ ಸೇರಲೇಬೇಕು. ನಾಲ್ಕು ಕಾಲೇಜಿನ ಫೀಸು, ನೆರವು ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ದುಡ್ಡಿನ ಚಿಂತೆ ಇದ್ದವರು ಅರ್ಲಿ ಆಕ್ಷನ್ ನೋಡಿ, ಅದರಲ್ಲಿ ಆ ಕಟ್ಟುಪಾಡು ಇಲ್ಲ.

ಕಂಪ್ಯೂಟರ್ ಸೈನ್ಸ್

ಎಲ್ಲರಿಗೂ ಅದೇ ಬೇಕು, ಗೊತ್ತು. ಬೇರೆ ಮೇಜರ್‌ನಲ್ಲಿ (ಡಿಗ್ರಿಯ ಮುಖ್ಯ ವಿಷಯ) ಸೇರಿ ಆಮೇಲೆ ಬದಲಾಯಿಸಿಕೊಳ್ಳೋಣ ಎಂಬ ಉಪಾಯ ಬರ್ಕ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ಕಡೆ ಈಗ ಬಹಳ ಕಷ್ಟ. ಮಗುವಿಗೆ ನಿಜವಾಗಿ ಯಾವುದು ಇಷ್ಟ ಅಂತ ಒಮ್ಮೆ ಕೇಳಿ.

ಪ್ರಬಂಧ, ಚಟುವಟಿಕೆ

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ 650 ಪದದ ಒಂದು ಪ್ರಬಂಧ, ಹತ್ತು ಚಟುವಟಿಕೆಗೆ ಜಾಗ. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಕಳಿಸಿದರೆ ಕಾಮನ್ ಆಪ್ ಅದನ್ನು ಮೋಸ ಎಂದೇ ಪರಿಗಣಿಸುತ್ತದೆ. ಅಪ್ಪ ಬರೆದುಕೊಡುವುದೂ ಮೋಸವೇ.

ನಮ್ಮ ಹುಡುಗಿಯೊಬ್ಬಳು ಚೆಸ್, ಪಿಯಾನೋ, ಕೋಡಿಂಗ್ ಎಲ್ಲ ತುಂಬಿದ್ದಳು. ಪ್ರತಿ ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ಪುಟಾಣಿಗಳಿಗೆ ಕಾಗುಣಿತ ತಿದ್ದಿಸುತ್ತಿದ್ದದ್ದನ್ನೇ ಬಿಟ್ಟಿದ್ದಳು. ಕೇಳಿದರೆ, "ಅದು ಮನೆಕೆಲಸದ ಹಾಗೆ ಅಲ್ವಾ ಆಂಟಿ?" ಎಂದಳು. ಅಲ್ಲ ಮಗಳೇ. ಚೆಸ್ ಆಡುವವರು ಸಾವಿರಾರು ಜನ. ಹಟ ಹಿಡಿದ ಐದು ವರ್ಷದ ಮಗುವಿಗೆ ಒತ್ತಕ್ಷರ ಕಲಿಸಬಲ್ಲವರು ಎಷ್ಟು ಜನ? ಕೆಲವು ಶಾಲಾ ಜಿಲ್ಲೆಗಳು ಕನ್ನಡ ಕಲಿಕೆಗೆ ಕ್ರೆಡಿಟ್ ಕೂಡ ಕೊಡುತ್ತವೆ, ನಿಮ್ಮ ಕೌನ್ಸೆಲರ್‌ರನ್ನು ಕೇಳಿ.

"ಭಾರತೀಯರು ಅಂತ ಗೊತ್ತಾದರೆ ತೊಂದರೆಯಾ?" ಎಂದೂ ಕೇಳುತ್ತೀರಿ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ನಿಲ್ಲಿಸಿತು. ಆದರೆ ತನ್ನ ಹಿನ್ನೆಲೆ ತನ್ನ ಬದುಕನ್ನು ಹೇಗೆ ರೂಪಿಸಿತು ಎಂದು ಮಗು ಬರೆಯಬಹುದು, ತೀರ್ಪೇ ಅದನ್ನು ಹೇಳಿದೆ. ಮನೆಮಾತನ್ನು ಮುಚ್ಚಿಡಬೇಡಿ.

ದಿನಾಂಕಗಳು (ಕಾಲೇಜಿಗೆ ತಕ್ಕಂತೆ ಸ್ವಲ್ಪ ಆಚೀಚೆ)

ಆಗಸ್ಟ್ 1: ಕಾಮನ್ ಆಪ್ ತೆರೆಯುತ್ತದೆ
ನವೆಂಬರ್ 1: ಅರ್ಲಿ ಅರ್ಜಿ
ನವೆಂಬರ್ ಕೊನೆ: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ
ಜನವರಿ ಮೊದಲ ವಾರ: ಉಳಿದವು
ಮೇ 1: ಒಪ್ಪಿಗೆ ತಿಳಿಸುವ ಕೊನೆ ದಿನ

ಊರಿಂದ ತರಬೇಕಾದ್ದು

ಒಂಬತ್ತರಿಂದ ಮುಂದಿನ ಎಲ್ಲ ಅಂಕಪಟ್ಟಿ, ಶಾಲೆಯ ಸೀಲು ಹಾಕಿಸಿ. ಟಿಸಿ. ಎಸ್ಸೆಸ್ಸೆಲ್ಸಿ ಮುಗಿದಿದ್ದರೆ ಮೂಲ ಅಂಕಪಟ್ಟಿ. ಹೆಡ್‌ಮಾಸ್ಟರ ಇಮೇಲ್ ವಿಳಾಸವನ್ನೂ ಬರೆದುಕೊಂಡು ಬನ್ನಿ, ಇಲ್ಲಿಯ ಕಾಲೇಜುಗಳು ಅಂಕಗಳನ್ನು ನೇರವಾಗಿ ಶಾಲೆಯಿಂದಲೇ ಕೇಳಬಹುದು.