ಹಳೇ ರೀಫ್ ಟ್ಯಾಂಕ್ ಬದಲಾಯಿಸಿದ ಕಥೆ: ಏನು ತಂದೆ, ಏನು ಬಿಟ್ಟೆ

ಅಕ್ವೇರಿಯಂಗೆ ವಯಸ್ಸಾಯಿತು ಅಂದರೆ ಗಾಜಿಗೆ ಆಗಿದ್ದಲ್ಲ, ಗಾಜುಗಳನ್ನು ಅಂಟಿಸಿದ ಸಿಲಿಕೋನಿಗೆ ಆಗಿದ್ದು. ನಮ್ಮ ಮನೆಯ ಮೂರಡಿ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನ, ಹಿಂದಿನ ಕೆಳಮೂಲೆಯಲ್ಲಿ ಬಿಳಿ ಪುಡಿ ಕಾಣಿಸತೊಡಗಿತು. ಒರೆಸಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಸಿಹಿನೀರಾಗಿದ್ದರೆ ಆ ತೇವ ಹಾಗೇ ಒಣಗಿ ಹೋಗಿ ಗೊತ್ತೇ ಆಗುತ್ತಿರಲಿಲ್ಲ. ಉಪ್ಪುನೀರು ಜಿನುಗಿದ ಕಡೆ ಗುರುತು ಬಿಟ್ಟೇ ಹೋಗುತ್ತದೆ. ಮೇಲಿನಿಂದ ಸಿಡಿದ ಉಪ್ಪಲ್ಲ, ಜೋಡಣೆಯಿಂದಲೇ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ ರಿಪೇರಿಯ ಆಸೆ ಬಿಟ್ಟೆ. ಹಳೇ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ನಮ್ಮದು ಎರಡನೇ ಮಹಡಿ, ಕೆಳಗೆ ಇನ್ನೊಬ್ಬರ ಸಂಸಾರ ಇದೆ.

ಖಾಲಿ ಟ್ಯಾಂಕನ್ನು ಮೊದಲಿಂದ ಶುರು ಮಾಡುವಾಗ ಪುರುಸೊತ್ತಾಗಿ ಕಾಯಬಹುದು. ಬದಲಾಯಿಸುವಾಗ ಹಾಗಲ್ಲ, ಜೀವಗಳು ಆಗಲೇ ಮನೆಯಲ್ಲಿವೆ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಅವು ಕಲ್ಲಿನ ಸಂದುಗೊಂದಿಗಳಿಗೆ ಅಂಟಿಕೊಂಡಿರುತ್ತವೆ. ಅದಕ್ಕೇ ನನ್ನ ಲೆಕ್ಕ ಪೂರ್ತಿ ಕಲ್ಲಿನ ಸುತ್ತ ಇತ್ತು. ಕಲ್ಲು ಒಣಗಬಾರದು, ಅದಕ್ಕೆ ನಲ್ಲಿ ನೀರು ಸೋಕಬಾರದು. ಗಾಜು, ಮರಳು, ನೀರು ಎಲ್ಲ ಹೊಸದಾದರೂ ಪರವಾಗಿಲ್ಲ.

ಅಳತೆ ಹಳೆಯದ್ದೇ ಇಟ್ಟುಕೊಂಡೆ: ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 190 ಲೀಟರ್. ಗಾಜು ಕೂಡಿಸುವವರು "ಎಂಟು ಎಂಎಂ ಸಾಕು ಮೇಡಂ, ಸುಮ್ನೆ ಯಾಕೆ ದುಡ್ಡು ದಂಡ?" ಅಂದರು. ನಾನು 10 ಎಂಎಂ ಬಿಟ್ಟು ಕೆಳಗಿಳಿಯಲಿಲ್ಲ. ಬಾತ್‌ರೂಮಿಗೆ ಹಾಕುವ ಬೂಷ್ಟು ತಡೆಯುವ ಸಿಲಿಕೋನ್ ಬೇಡ ಅಂತಲೂ ಹೇಳಿದೆ, ಅದರಲ್ಲಿರುವ ವಿಷ ನೀರಿಗೆ ಇಳಿಯುತ್ತದೆ. ಸಾದಾ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ ನೀರು ಮುಟ್ಟಿಸಲಿಲ್ಲ.

ನೀರು, ಗಾಜು, ಕಲ್ಲು, ಮರಳು, ಕೆಳಗಿನ ಸಂಪ್ (ಟ್ಯಾಂಕಿನ ನೀರು ಇಳಿದು ಬಂದು, ಪಂಪ್‌ನಿಂದ ಮತ್ತೆ ಮೇಲೆ ಹೋಗುವ ತೊಟ್ಟಿ), ಸ್ಟ್ಯಾಂಡ್ ಎಲ್ಲ ಸೇರಿದರೆ 300 ಕೆಜಿ ದಾಟುತ್ತದೆ. ಹಾಗಾಗಿ ಜಾಗ ಗೋಡೆಯ ಬದಿಗೇ, ಬೀಮ್ ಇರುವ ಕಡೆ. ಸ್ಪಿರಿಟ್ ಲೆವೆಲ್ ಇಟ್ಟು ಸ್ಟ್ಯಾಂಡ್ ಸಮ ಮಾಡಿ, ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಟ್ಯಾಂಕ್ ಕೂರಿಸಿದೆವು. ಪ್ಲೈವುಡ್‌ನಲ್ಲಿ ಸಣ್ಣ ಉಬ್ಬು ಇದ್ದರೂ ಆ ಹಾಳೆ ನುಂಗಿಕೊಳ್ಳುತ್ತದೆ.

ಮೊದಲು ನಲ್ಲಿ ನೀರು ತುಂಬಿ, ಸುತ್ತಲೂ ಹಳೇ ಪೇಪರ್ ಹಾಸಿ ಬಿಟ್ಟೆ. ಒಂದು ಹನಿ ಬಿದ್ದರೂ ಪೇಪರ್ ಮೇಲೆ ಕಲೆ ಕಾಣುತ್ತದೆ. ಕಾಣಲಿಲ್ಲ. ಅದೇ ನೀರಲ್ಲಿ ಕರೆಂಟ್ ಹೋಗುವ ಪರೀಕ್ಷೆಯನ್ನೂ ಮಾಡಿದೆ. ಬೆಂಗಳೂರಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ಸಂಪಿನಿಂದ ನೀರು ಮೇಲೆತ್ತುವ ಪಂಪ್ ನಿಂತ ಕ್ಷಣ ಪೈಪಿನಲ್ಲಿ ಸೈಫನ್ ಆಗಿ ಮೇಲಿನ ನೀರು ಹಿಂದಕ್ಕೆ ಇಳಿಯುತ್ತದೆ. ಈ ಟ್ಯಾಂಕಿನಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ನಾಲ್ಕು ಲೀಟರಿಗೂ ಸ್ವಲ್ಪ ಜಾಸ್ತಿ ಕೆಳಗೆ ಬಂತು ಅಂತ ಅರ್ಥ. ಮೂರು ಸೆಂಟಿಮೀಟರ್ ಇಳಿದರೆ ಒಂದು ಬಕೆಟ್. ಅಷ್ಟು ಜಾಗ ಸಂಪಿನಲ್ಲಿ ಖಾಲಿ ಇರಲೇಬೇಕು. ವಾಪಸ್ ಬರುವ ಪೈಪಿನ ಬಾಯಿ ನೀರಿನ ಮೇಲ್ಮಟ್ಟಕ್ಕೆ ಹತ್ತಿರ ಇರುವಂತೆ ತಿರುಗಿಸಿ, ಮಟ್ಟದ ಸ್ವಲ್ಪವೇ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆದೆ. ಮಟ್ಟ ತೂತಿಗಿಂತ ಇಳಿದ ಕೂಡಲೇ ಗಾಳಿ ಎಳೆದುಕೊಂಡು 'ಸೊರ್' ಅಂತ ಸದ್ದು ಮಾಡಿ ಸೈಫನ್ ಕಡಿಯುತ್ತದೆ. ಸ್ವಿಚ್ ಆರಿಸಿ, ಹಾಕಿ, ಮತ್ತೆ ಆರಿಸಿ ನೋಡುತ್ತಲೇ ಇದ್ದೆ. "ಆಟ ಆಡ್ತಿದೀಯೇನಮ್ಮಾ?" ಅಂತ ಅತ್ತೆ ಕೇಳಿದರು. ಸಂಪಿನಲ್ಲಿ ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆದಿಟ್ಟಿದ್ದೇನೆ. ಈ ತೂತನ್ನು ಆಗಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು, ಇಲ್ಲವಾದರೆ ಪಾಚಿ ಮುಚ್ಚಿಬಿಡುತ್ತದೆ.

ವೈರ್‌ಗಳ ವಿಷಯ ಚಿಕ್ಕದಾಗಿ: ಪ್ರತಿ ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಬೇಕು, ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್. ಇದರಲ್ಲಿ ಜಿಪುಣತನ ಬೇಡ.

ಇನ್ನು ನೀರು. ನಮ್ಮಲ್ಲಿ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಯಾವುದನ್ನೂ ನೇರವಾಗಿ ಬಳಸುವಂತಿಲ್ಲ. ಆರ್‌ಓ ಆದಮೇಲೆ ಉಳಿದ ಲವಣ ಹೀರಿಕೊಳ್ಳುವ ಡಿಐ ರೆಸಿನ್ ದಾಟಿಸಿ, ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಅಳತೆ) ಸೊನ್ನೆ ತೋರಿಸಿದರೆ ಮಾತ್ರ ಉಪ್ಪು ಹಾಕುತ್ತೇನೆ. ಆರ್‌ಓ ಹೊರಗೆ ಬಿಡುವ ನೀರು ನೆಲ ಒರೆಸುವುದಕ್ಕೆ, ಫ್ಲಶ್‌ಗೆ ಹೋಗುತ್ತದೆ. 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಅದನ್ನು ಮೋರಿಗೆ ಬಿಡಲು ಮನಸ್ಸು ಬರಲ್ಲ.

ಅಡುಗೆ ಉಪ್ಪು ಇಲ್ಲಿ ನಡೆಯುವುದಿಲ್ಲ, ಸಮುದ್ರದ ನೀರಿನ ಖನಿಜಗಳು ಸೇರಿರುವ ರೀಫ್ ಉಪ್ಪೇ ಬೇಕು. ಲೀಟರಿಗೆ ಹೆಚ್ಚುಕಡಿಮೆ 36 ಗ್ರಾಂ. ಡ್ರಮ್ಮಿನಲ್ಲಿ ಪಂಪ್ ಓಡುತ್ತಿರುವ ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳೀ ಗಷ್ಟಾಗಿ ತಳಕ್ಕೆ ಕೂರುತ್ತದೆ, ಹವಳಕ್ಕೆ ಸಿಗಬೇಕಾದ್ದು ಹೋಯಿತು. ರಾತ್ರಿಯಿಡೀ ತಿರುಗಲು ಬಿಟ್ಟು, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿದೆ: 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಅಂದರೆ ಸಾಂದ್ರತೆ 1.026ರ ಆಸುಪಾಸು. ಆ ಉಪಕರಣವನ್ನು ಬರೀ ಸಿಹಿನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ ದ್ರಾವಣದಲ್ಲೇ ಸರಿಹೊಂದಿಸಬೇಕು. ಹಳೇ ಟ್ಯಾಂಕಿನ ನೀರಿನ ಉಪ್ಪು, ಬಿಸಿ ಎಷ್ಟಿತ್ತೋ ಅಷ್ಟಕ್ಕೇ ಹೊಸದನ್ನೂ ತಂದೆ.

ಜೀವಗಳ ವಿಷಯದಲ್ಲಿ ನನ್ನದು ಸರಳ ಸಂಸಾರ. ಒಂದು ಜೋಡಿ ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಬಸವನಹುಳುಗಳು, ಮೆತ್ತನೆಯ ಹವಳದ ಗುಂಪಿನ ಝೋಯಾಂಥಿಡ್, ಮಶ್ರೂಮ್, ಒಂದು ಲೆದರ್ ಹವಳ. ಗಟ್ಟಿ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿದವು, ಸಮುದ್ರಕುದುರೆಯೂ ಹಾಗೇ. "ಸಿಗುತ್ತೆ, ತಂದುಕೊಡ್ತೀನಿ" ಅನ್ನುವವರು ಸಿಗುತ್ತಾರೆ. ನನಗೆ ಬೇಡ. ಅವನ್ನು ನೋಡಬೇಕು ಅನ್ನಿಸಿದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ನೀರಿಗಿಳಿದು ನೋಡಬಹುದಲ್ವಾ? ಕ್ಲೌನ್ ಮೀನುಗಳಂತೂ ಹ್ಯಾಚರಿಯಲ್ಲೇ ಹುಟ್ಟಿದವು ಸಿಗುತ್ತವೆ. ಸಿಎಂಎಫ್‌ಆರ್‌ಐನವರು (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಅದರ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ಬೆಳೆಸಿದ್ದಾರೆ. ಸಮುದ್ರದಲ್ಲಿ ಕ್ಲೌನ್ ಮೀನು ಮನೆ ಮಾಡಿಕೊಳ್ಳುವ ಹೂವಿನಂಥ ಜೀವಿ ಅನಿಮನಿ, ಅದನ್ನು ನನ್ನ ಜೋಡಿ ಕಂಡೇ ಇಲ್ಲ, ಲೆದರ್ ಹವಳದ ಮಡಿಲಲ್ಲೇ ಮಲಗುತ್ತವೆ.

ವರ್ಗಾವಣೆಯ ದಿನ ಹಳೇ ನೀರಿನ ಅರ್ಧವನ್ನು ಮೊದಲೇ ತಿಳಿಯಾಗಿ ಎಳೆದಿಟ್ಟುಕೊಂಡೆ. ಆಮೇಲೆ ಹವಳ, ಆಮೇಲೆ ಕಲ್ಲು, ಕೊನೆಗೆ ಮೀನು. ಕಲ್ಲು ಖಾಲಿಯಾದ ಮೇಲೆ ಅಡಗಲು ಜಾಗವೇ ಇಲ್ಲದೆ ಅವು ಸುಲಭವಾಗಿ ಬಲೆಗೆ ಬಂದವು. ಕಲ್ಲುಗಳನ್ನು ಟಬ್ಬಿನಲ್ಲಿ ಹಳೇ ನೀರಲ್ಲೇ ಅಲುಗಾಡಿಸಿ ಕೆಸರು ಕಳಚಿ, ಪಂಪ್ ಓಡುತ್ತಿರುವ ಇನ್ನೊಂದು ಟಬ್ಬಿಗೆ ಹಾಕಿದೆ.

ಝೋಯಾಂಥಿಡ್ ಹತ್ತಿರ ಕೆಲಸ ಮಾಡುವಾಗ ಗ್ಲೌಸ್, ಕನ್ನಡಕ ಕಡ್ಡಾಯ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕಲ್ಲು ಸ್ವಚ್ಛವಾಗಲಿ ಅಂತ ಕುದಿಸಿ, ಆ ಹಬೆ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಬಿಸಿನೀರು ಹಾಕುವುದು, ಒಣಗಿದ ಮೇಲೆ ಬ್ರಷ್ ಹಾಕಿ ಉಜ್ಜುವುದು, ಎರಡೂ ಬೇಡ. ಆ ದಿನ ಮಕ್ಕಳನ್ನು ಹಾಲ್‌ಗೇ ಬಿಡಲಿಲ್ಲ.

ಹಳೇ ಮರಳು ಮಾತ್ರ ಬಿಟ್ಟೆ. ಕೆದಕಿದ ಕೂಡಲೇ ತಳದಿಂದ ಕಪ್ಪು ಪದರ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂತು, ಹೈಡ್ರೋಜನ್ ಸಲ್ಫೈಡ್. ಅಷ್ಟು ವರ್ಷದ ಗಲೀಜನ್ನು ಹೊಸ ನೀರಿಗೆ ಕದಡುವ ಅಗತ್ಯವಿಲ್ಲ. ಮೇಲ್ಪದರದ ಒಂದು ಲೋಟ ಮರಳನ್ನು ಮಾತ್ರ ಹೊಸದರ ಮೇಲೆ ಉದುರಿಸಿದೆ.

ಆಮೇಲಿನ ದಿನಗಳಲ್ಲಿ ದಿನಾ ಅಮೋನಿಯಾ ಪರೀಕ್ಷೆ. ಬಣ್ಣ ಹಳದಿಯಲ್ಲೇ ನಿಂತಿತು, ಅಂದರೆ ಸೊನ್ನೆ. ಲೈಟನ್ನು ಅರ್ಧಕ್ಕೆ ಇಳಿಸಿ ನಿಧಾನವಾಗಿ ಏರಿಸಿದೆ. ಹೊಸ ನೀರು ಎಷ್ಟು ತಿಳಿಯಾಗಿರುತ್ತದೆ ಅಂದರೆ ಹಳೇ ಬೆಳಕೇ ಹವಳಕ್ಕೆ ಜಾಸ್ತಿಯಾಗಿ ಬಿಳಚಿಕೊಳ್ಳಬಹುದು. ಹೊಸ ಮರಳಿನ ಮೇಲೆ ಕಂದು ಬಣ್ಣದ ಡಯಾಟಮ್ ಪಾಚಿ ಹರಡಿದಾಗ ಮುಟ್ಟಲಿಲ್ಲ, ತಾನೇ ಹೋಯಿತು. ಆವಿಯಾದಷ್ಟಕ್ಕೆ ಬರೀ ಆರ್‌ಓ ನೀರು ಸೇರಿಸುತ್ತೇನೆ, ಉಪ್ಪು ಆವಿಯಾಗುವುದಿಲ್ಲವಲ್ಲ.

ಹಳೇ ಟ್ಯಾಂಕಿನ ಸಂಪ್ ಗಟ್ಟಿಯಾಗೇ ಇತ್ತು. ಅದನ್ನೀಗ ಕ್ವಾರಂಟೈನ್ ತೊಟ್ಟಿ ಮಾಡಿದ್ದೇನೆ. ಹೊಸ ಮೀನು ಬಂದರೆ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಇದೆಯಾ ಅಂತ ಅಲ್ಲೇ ಕೆಲವು ವಾರ ನೋಡುತ್ತೇನೆ. ತಾಮ್ರದ ಔಷಧಿ ಬೇಕಾದರೂ ಅಲ್ಲೇ ಹಾಕಬೇಕು, ದೊಡ್ಡ ಟ್ಯಾಂಕಿಗೆ ಹಾಕಿದರೆ ಸೀಗಡಿ, ಬಸವನಹುಳು, ಹವಳ ಒಂದೂ ಉಳಿಯುವುದಿಲ್ಲ. ಸದ್ಯ ಅದು ಖಾಲಿ ಇದೆ. ಮುಂದಿನ ಮೀನು ಒಂದು ಗೋಬಿ ಆಗಲಿ ಅಂತ ನಾನು, ಹಳದಿ ಟ್ಯಾಂಗ್ ಬೇಕು ಅಂತ ಮಗಳು. ಮೂರಡಿಯಲ್ಲಿ ಟ್ಯಾಂಗ್ ಈಜಾಡಲು ಜಾಗ ಸಾಲದು, ಹಾಗಾಗಿ ಗೋಬಿಯೇ ಬರುತ್ತದೆ.