ಆಫೀಸ್ ವೈಫೈನಲ್ಲಿ ಕರೆ ತುಂಡಾಗದಂತೆ ಮಾಡುವುದು

"ಸ್ಪೀಡ್ ಚೆನ್ನಾಗೇ ಇದೆ, ಆದ್ರೂ ಮಾತು ಕಟ್ ಕಟ್ ಆಗುತ್ತೆ." ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಸ್ಪೀಡ್ ಟೆಸ್ಟ್ ಬದಿಗಿಡಿ. ಜಿ.711 ಕೋಡೆಕ್‌ನ (ಮಾತನ್ನು ಡಿಜಿಟಲ್ ಆಗಿಸುವ ಒಂದು ವಿಧಾನ) ಕರೆಗೆ ಒಂದು ದಿಕ್ಕಿಗೆ ಸೆಕೆಂಡಿಗೆ 100 ಕಿಲೋಬಿಟ್ ಕೂಡ ಬೇಕಾಗುವುದಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವುದು. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಮಾತಿನ ಒಂದು ಚೂರು, ಅಂದರೆ ಒಂದು ಪ್ಯಾಕೆಟ್; ಹಾಗಾಗಿ ಸೆಕೆಂಡಿಗೆ 50. ತೀರಾ ತಡವಾದದ್ದನ್ನು ಫೋನ್ ಎಸೆದುಬಿಡುತ್ತದೆ.

ಮೊದಲು ಫೋನ್‌ಗಳನ್ನು ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ತನ್ನಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು 1, 6, 11 ಅಷ್ಟೇ. ಊಟದ ಹೊತ್ತಿಗೆ ಮಾತ್ರ ಕರೆ ಕೆಡುತ್ತಿದೆಯಾ? ಮೈಕ್ರೋವೇವ್ ಕಡೆ ಒಮ್ಮೆ ನೋಡಿ, ಅದೂ 2.4ರಲ್ಲೇ ಓಡುವುದು.

ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಯಲ್ಲಿ, ಅಂದರೆ ಆಕ್ಸೆಸ್ ಪಾಯಿಂಟ್‌ನಲ್ಲಿ, ಡಬ್ಲ್ಯೂಎಂಎಂ (ಮಾತಿಗೆ ಮೊದಲ ಸರದಿ ಕೊಡುವ ಸೌಲಭ್ಯ) ಆನ್ ಇರಲಿ. ಧ್ವನಿಯ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46 ಗುರುತು ಹಾಕಿಸಿ, ಅದು ತುರ್ತು ಅಂತ ನೆಟ್‌ವರ್ಕ್‌ಗೆ ಹೇಳುವ ಚೀಟಿ. ಆ ಗುರುತನ್ನು ನಡುವಿನ ನೆಟ್‌ವರ್ಕ್ ಸ್ವಿಚ್ ಅಳಿಸುತ್ತಿಲ್ಲವಾ ಅಂತಲೂ ನೋಡಿ. ಆಚೆ ಕಡೆಯವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ ಅಂದರೆ ರೂಟರ್‌ನ ಸಿಪ್ ಎಎಲ್‌ಜಿ (ಕರೆ ಜೋಡಿಸುವ ಸಂದೇಶಗಳನ್ನು ದಾರಿಯಲ್ಲೇ ತಿದ್ದುವ ಸೌಲಭ್ಯ) ಆಫ್ ಮಾಡಿ ನೋಡಿ. ಸಹಾಯಕ್ಕೆಂದು ಇಟ್ಟ ಈ ಸೌಲಭ್ಯ ಕೊಟ್ಟ ಕಾಟವೇ ಜಾಸ್ತಿ!

ನಿಜವಾದ ತಲೆನೋವು ಓಡಾಡುವವರದ್ದು. ಒಂದು ಆಕ್ಸೆಸ್ ಪಾಯಿಂಟ್ ಬಿಟ್ಟು ಇನ್ನೊಂದಕ್ಕೆ ಹಾರುವಾಗ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ 802.1ಎಕ್ಸ್ ಇದ್ದರಂತೂ ಹೊಸ ಪಾಯಿಂಟ್‌ನಲ್ಲಿ ಪರಿಶೀಲನೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಬೇಗ ಹಾರಲೆಂದೇ ಇರುವ 802.11ಆರ್ ಎಂಬ ವೈಫೈ ಸೌಲಭ್ಯ ಇದನ್ನು ತಪ್ಪಿಸುತ್ತದೆ. ಆದರೆ ಕೆಲವು ಹಳೆಯ ಹ್ಯಾಂಡ್‌ಸೆಟ್‌ಗಳು ಅದು ಆನ್ ಇದ್ದರೆ ಕನೆಕ್ಟೇ ಆಗುವುದಿಲ್ಲ. ಅವುಗಳಿಗೆ ಬೇರೆ ವೈಫೈ ಹೆಸರು ಕೊಡಿ. ಇನ್ನೊಂದು ವಿಷಯ: ಆಕ್ಸೆಸ್ ಪಾಯಿಂಟ್‌ನ ಪವರ್ ಪೂರ್ತಿ ಏರಿಸಬೇಡಿ. ಅದರ ಕೂಗು ಫೋನಿಗೆ ಕೇಳುತ್ತದೆ, ಫೋನಿನ ಸಣ್ಣ ದನಿ ಅದಕ್ಕೆ ಮುಟ್ಟುವುದಿಲ್ಲ. ಫೋನಿನ ಪವರ್‌ಗೆ ಹತ್ತಿರ ಇಡಿ.

ಆಮೇಲೆ ನಡೆದು ನೋಡಿ. ನಾನು ಮಾಡುವುದು ಹೀಗೆ: ಡೆಸ್ಕ್ ಫೋನ್ ಹತ್ತಿರ ಒಬ್ಬರನ್ನು ಕೂರಿಸಿ ಒಂದರಿಂದ ನೂರರವರೆಗೆ ಒಂದೇ ಸಮ ಎಣಿಸಲು ಹೇಳುತ್ತೇನೆ. ಕಿವಿಗೆ ಫೋನ್, ಕೈಯಲ್ಲಿ ಮಹಡಿಯ ನಕ್ಷೆ. "ಮೂವತ್ತೇಳು, ಮೂವತ್ತೆಂಟು, ...ತ್ತೊಂದು" ಅಂತ ಬಂತಾ, ಅಲ್ಲೇ ಪೆನ್ಸಿಲ್ ಗುರುತು. ಆ ಜಾಗದಲ್ಲಿ ಸಿಗ್ನಲ್ ಎಷ್ಟಿದೆ ಅಳೆಯಿರಿ. ಮೈನಸ್ 67 ಡಿಬಿಎಂಗಿಂತ (ಡಿಬಿಎಂ ಸಿಗ್ನಲ್ ಬಲದ ಅಳತೆ; ಮೈನಸ್ 70 ಅಂದರೆ ಇನ್ನೂ ಕಡಿಮೆ) ದುರ್ಬಲವಾಗಿದ್ದರೆ ಪಾಯಿಂಟ್ ಜರುಗಿಸಬೇಕು ಅಥವಾ ಒಂದು ಹೆಚ್ಚಿಗೆ ಹಾಕಬೇಕು. ಸಿಗ್ನಲ್ ಚೆನ್ನಾಗಿದ್ದೂ ಅಂಕಿ ನುಂಗಿದರೆ ಅದು ಹಾರುವಾಗಿನ ತೊಂದರೆಯೋ, ಚಾನೆಲ್‌ನಲ್ಲಿನ ಗದ್ದಲವೋ ನೋಡಿ. ರಜಾ ದಿನ ಖಾಲಿ ಆಫೀಸಿನಲ್ಲಿ ಇದನ್ನು ಮಾಡಿ ಉಪಯೋಗವಿಲ್ಲ. ಜನ ತುಂಬಿರಲಿ, ಲ್ಯಾಪ್‌ಟಾಪ್‌ಗಳು ಓಡುತ್ತಿರಲಿ, ಮೀಟಿಂಗ್ ರೂಮಿನ ಬಾಗಿಲೂ ಮುಚ್ಚಿರಲಿ.